ವಿಧಿ, ಒಡಹುಟ್ಟು, ಧರ್ಮಸಂಕಟ: ಗ್ರೀಕ್ ರುದ್ರನಾಟಕಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಾಚೀನ ಅಥೆನ್ಸ್‌ನ ನಾಟಕಕಾರರಾದ ಈಸ್ಕಿಲಸ್, ಸೋಫೋಕ್ಲಿಸ್, ಯೂರಿಪಿಡೀಸ್ ಈ ಮೂವರ ನಾಟಕಗಳನ್ನು ಮೊದಲ ಸಲ ಓದಿದವರು, ರಂಗದ ಮೇಲೆ ಕಂಡವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಹೆಚ್ಚಿನ ಮಾತು ಸೋಫೋಕ್ಲಿಸ್‌ನ 'ದೊರೆ ಈಡಿಪಸ್' ಮತ್ತು 'ಅಂತಿಗೊನೆ' ನಾಟಕಗಳ ಸುತ್ತಲೇ ಇದೆ. ಎಷ್ಟು ಸಲ ಓದಿದರೂ ಈ ಎರಡು ನನ್ನನ್ನು ಬಿಟ್ಟಿಲ್ಲ.

ಎಲ್ಲವೂ ಮೊದಲೇ ನಿಶ್ಚಯವಾಗಿದ್ದರೆ ಈಡಿಪಸ್ ಮಾಡಿದ ತಪ್ಪೇನು?

ಕಥೆಯನ್ನೂ ನಾಟಕವನ್ನೂ ಬೇರೆ ಮಾಡಿ ನೋಡಿದರೆ ಈ ಗಂಟು ಅರ್ಧ ಸಡಿಲವಾಗುತ್ತದೆ. ಮಗ ತಂದೆಯನ್ನು ಕೊಲ್ಲುತ್ತಾನೆ ಎಂಬ ದೈವವಾಣಿ, ಕಾಲಿನ ಹರಡುಗಳನ್ನು ಚುಚ್ಚಿ ಬೆಟ್ಟದಲ್ಲಿ ಬಿಟ್ಟುಬರಲು ಕುರುಬನ ಕೈಗೆ ಕೊಟ್ಟ ಹಸುಳೆ, ಮೂರು ದಾರಿ ಕೂಡುವಲ್ಲಿ ನಡೆದ ಕೊಲೆ, ವಿಧವೆ ರಾಣಿ ಜೊಕಾಸ್ಟಳೊಂದಿಗೆ ಮದುವೆ, ನಾಲ್ಕು ಮಕ್ಕಳು: ಇವೆಲ್ಲ ನಾಟಕದ ಮೊದಲ ಮಾತಿಗೆ ಮುಂಚೆಯೇ ಆಗಿಹೋಗಿವೆ. ವಿಧಿ ತನ್ನ ಕೆಲಸ ಮುಗಿಸಿ ಕೈ ತೊಳೆದುಕೊಂಡಿದೆ. ರಂಗದ ಮೇಲೆ ನಾವು ನೋಡುವುದು ಒಂದು ದಿನದ ತನಿಖೆಯನ್ನು. ಥೀಬ್ಸ್ ನಗರಕ್ಕೆ ಪಿಡುಗು ಬಡಿದಿದೆ, ಹಿಂದಿನ ದೊರೆ ಲೇಯಸ್‌ನನ್ನು ಕೊಂದವನನ್ನು ಹೊರಹಾಕಿದರೆ ಅದು ತೊಲಗುತ್ತದೆ. ಹಾಗಾದರೆ ಕೊಂದವನು ಯಾರು?

ಆ ತನಿಖೆಯನ್ನು ಈಡಿಪಸ್ ಎಲ್ಲಿ ಬೇಕಾದರೂ ಸಡಿಲ ಬಿಡಬಹುದಿತ್ತು. ಕುರುಡು ಕಣಿಗಾರ ಟೈರೇಸಿಯಸ್ ಬಾಯಿ ಬಿಡಲು ಒಲ್ಲೆ ಎನ್ನುತ್ತಾನೆ. ಜೊಕಾಸ್ಟಳಿಗೆ ನಿಜ ಅವನಿಗಿಂತ ಮೊದಲೇ ಹೊಳೆಯುತ್ತದೆ, ಇನ್ನು ಕೆದಕಬೇಡ ಎಂದು ಬೇಡಿಕೊಳ್ಳುತ್ತಾಳೆ. ಕೊನೆಗೆ ಮುದಿ ಕುರುಬ, ಹೇಳಬಾರದ ಮಾತಿನ ಅಂಚಿಗೆ ಬಂದು ನಿಂತಿದ್ದೇನೆ ಎನ್ನುತ್ತಾನೆ. ನಾನು ಕೇಳಬಾರದ ಮಾತಿನ ಅಂಚಿನಲ್ಲಿದ್ದೇನೆ, ಆದರೂ ಕೇಳಲೇಬೇಕು ಎಂದು ಈಡಿಪಸ್ ಉತ್ತರಿಸುತ್ತಾನೆ. ಇಡೀ ನಾಟಕ ನನಗೆ ಈ ಒಂದು ಉತ್ತರದಲ್ಲಿದೆ. ಅವನು ತಂದೆಯನ್ನು ಕೊಲ್ಲುತ್ತಾನೆ, ತಾಯಿಯನ್ನು ಮದುವೆಯಾಗುತ್ತಾನೆ ಎಂದು ಡೆಲ್ಫಿಯ ಅಪೋಲೊ ಗುಡಿಯ ದೈವವಾಣಿ ಹೇಳಿತ್ತು. ಅದನ್ನು ತಿಳಿದುಕೊಳ್ಳಲು ಹಟ ಹಿಡಿಯುತ್ತಾನೆ ಎಂದು ಹೇಳಿರಲಿಲ್ಲ.

ಕಣ್ಣು ಕಿತ್ತುಕೊಂಡು ಹೊರಬಂದವನನ್ನು ಮೇಳದವರು (ರಂಗದಲ್ಲೇ ನಿಂತು ಹಾಡುವ, ಪ್ರಶ್ನಿಸುವ ಊರ ಹಿರಿಯರು) ಕೇಳುತ್ತಾರೆ: ಯಾವ ದೇವರು ನಿನ್ನಿಂದ ಇದನ್ನು ಮಾಡಿಸಿದ? ಅಪೋಲೊ, ಈ ಸಂಕಟವನ್ನೆಲ್ಲ ತಂದವನು ಅಪೋಲೊ, ಆದರೆ ಹೊಡೆದ ಕೈ ನನ್ನದೇ, ಇನ್ನಾರದೂ ಅಲ್ಲ ಎನ್ನುತ್ತಾನೆ. ಅವನು ಕುರುಡನಾಗುತ್ತಾನೆ ಎಂದು ಟೈರೇಸಿಯಸ್ ಮೊದಲೇ ನುಡಿದಿದ್ದ ಎಂಬುದೂ ನಿಜ. ಹಾಗಿದ್ದೂ ಈಡಿಪಸ್ ಆ ಕೈಯನ್ನು ದೇವರಿಗೆ ಬಿಟ್ಟುಕೊಡುವುದಿಲ್ಲ. ಏನು ಆಗುತ್ತದೆ ಎಂಬುದು ವಿಧಿಯ ಪಾಲು. ಆದದ್ದರ ಮುಂದೆ ಹೇಗೆ ನಿಲ್ಲುತ್ತೇನೆ ಎಂಬುದನ್ನು ಅವನು ತನ್ನ ಪಾಲಿಗೆ ಉಳಿಸಿಕೊಳ್ಳುತ್ತಾನೆ.

ಇನ್ನು ತಪ್ಪಿನ ಮಾತು. ತಿಳಿಯದೆ ಮಾಡಿದ್ದಕ್ಕೆ ತಾನು ಪಾಪಿಯಲ್ಲ ಎಂದು ಸೋಫೋಕ್ಲಿಸ್ ಮುಪ್ಪಿನಲ್ಲಿ ಬರೆದ 'ಕೊಲೊನಸ್‌ನಲ್ಲಿ ಈಡಿಪಸ್' ನಾಟಕದಲ್ಲಿ ಅದೇ ಈಡಿಪಸ್ ಗಟ್ಟಿಯಾಗಿ ವಾದಿಸುತ್ತಾನೆ. ನನಗೆ ಆ ವಾದ ಒಪ್ಪಿಗೆ. ಆದರೆ ತಪ್ಪಿಲ್ಲದಿರುವುದರಿಂದ ಮೈಲಿಗೆ ಹೋಗುವುದಿಲ್ಲ, ರಕ್ತ ಒರೆಸಿಹೋಗುವುದಿಲ್ಲ.

'ಹಮಾರ್ಷಿಯ' ಎಂದರೆ ನಾಯಕನ ದುರ್ಗುಣವಲ್ಲವೇ?

ಅಲ್ಲ. ಪಠ್ಯಪುಸ್ತಕಗಳಲ್ಲಿ ಹಾಗೆ ಕಲಿಸುವುದುಂಟು. ಬಾಣ ಗುರಿ ತಪ್ಪುವುದಕ್ಕೆ ಬಳಸುವ ಕ್ರಿಯಾಪದದಿಂದ ಬಂದ ಮಾತು ಅದು. ರುದ್ರನಾಟಕದ ಬಗ್ಗೆ ಬರೆಯುತ್ತಾ ಆ ಮಾತನ್ನು ಬಳಸಿದ ತತ್ವಜ್ಞಾನಿ ಅರಿಸ್ಟಾಟಲ್ ಹೇಳುವುದು ಕೆಡುಕಿನಿಂದಲ್ಲದೆ ಯಾವುದೋ ತಪ್ಪಿನಿಂದ ಬಿದ್ದವನ ಬಗ್ಗೆ. ಈಡಿಪಸ್‌ನ ಮುಂಗೋಪವನ್ನು ಹುಡುಕಿ ತೆಗೆದು, ಇದಕ್ಕೇ ಇಷ್ಟೆಲ್ಲ ಆಯಿತು ಎಂದು ಷರಾ ಬರೆಯುವುದು ಅವನಿಗೆ ಮಾಡುವ ಅನ್ಯಾಯ.

ಗ್ರೀಕರ ವಿಧಿಯೂ ನಮ್ಮ ಹಣೆಬರಹ, ಕರ್ಮಗಳೂ ಒಂದೇಯೇ?

ಹತ್ತಿರದವು, ಆದರೆ ಒಂದಲ್ಲ. ವಿಧಿ ಎಂದು ನಾವು ಅನುವಾದಿಸುವ 'ಮೊಯಿರಾ' ಎಂಬ ಪದದ ಮೂಲ ಅರ್ಥ ಪಾಲು, ಹಂಚಿಕೆ. ನನ್ನ ಪಾಲಿಗೆ ಬಂದದ್ದು ಎಂದು ಕನ್ನಡದಲ್ಲಿ ಹೇಳುವಾಗ ನಾವು ಆ ಗ್ರೀಕ್ ಪದವನ್ನೇ ಮುಟ್ಟಿರುತ್ತೇವೆ. ಹಣೆಬರಹ ಎಂದ ಕೂಡಲೇ ಬರೆದವನೊಬ್ಬ ಇದ್ದಾನೆ ಎಂದಾಗುತ್ತದೆ. ಪಾಲು ಎಂದಾಗ ಹಾಗಲ್ಲ. ಪಾಲು ಹಂಚಿಹೋಗಿದೆ, ಅದರ ಗೆರೆಯನ್ನು ಮೀರಲಾಗದು, ಅಷ್ಟೇ.

ಕರ್ಮದ ಲೆಕ್ಕಾಚಾರದಲ್ಲಿ ಅವರವರು ಮಾಡಿದ್ದು ಅವರವರಿಗೆ, ಈ ಜನ್ಮದಲ್ಲಲ್ಲದಿದ್ದರೆ ಇನ್ನೊಂದರಲ್ಲಿ. ಗ್ರೀಕ್ ನಾಟಕಗಳಲ್ಲಿ ಲೆಕ್ಕ ಮನೆತನದ ಹೆಸರಿನಲ್ಲಿದೆ. ಅಜ್ಜ ಮಾಡಿದ್ದು ಮೊಮ್ಮಗನ ಬಾಗಿಲಿಗೆ ಬರುತ್ತದೆ, ಪಿತ್ರಾರ್ಜಿತ ಸಾಲದ ಹಾಗೆ. ಏಟ್ರಿಯಸ್ ತನ್ನ ಒಡಹುಟ್ಟಿದ ಥೈಯಸ್ಟಿಸ್‌ಗೆ ಅವನದೇ ಮಕ್ಕಳ ಮಾಂಸವನ್ನು ಬಡಿಸಿದ. ಅದರ ಬೆಲೆಯನ್ನು ಏಟ್ರಿಯಸ್‌ನ ಮಗ ಅಗಮೆಮ್ನಾನ್ ತೆರಬೇಕಾಗುತ್ತದೆ.

ಆದರೆ ಶಾಪ ಇದೆ ಎಂಬ ಕಾರಣಕ್ಕೆ ಈಸ್ಕಿಲಸ್ ಯಾರನ್ನೂ ಹಾಗೆಯೇ ಬಿಡುವುದಿಲ್ಲ. ಟ್ರಾಯ್ ಯುದ್ಧಕ್ಕೆ ಹೊರಟ ಹಡಗುಗಳು ಔಲಿಸ್‌ನಲ್ಲಿ ಗಾಳಿಯ ದೆಸೆಯಿಂದ ಸಿಕ್ಕಿಬಿದ್ದಾಗ ಅಗಮೆಮ್ನಾನ್ ಮಗಳು ಇಫಿಜೆನಿಯಳನ್ನು ಬಲಿ ಕೊಡುತ್ತಾನೆ. ಮೇಳದವರು ಅದನ್ನು ನೆನೆಯುವಾಗ ಅನಿವಾರ್ಯತೆಯ ನೊಗಕ್ಕೆ ಅವನು ಕೊರಳೊಡ್ಡಿದ ಎನ್ನುತ್ತಾರೆ. ನೊಗ ಅವನ ಮೇಲೆ ತಾನಾಗಿ ಬಿತ್ತು ಎನ್ನುವುದಿಲ್ಲ. ಮಗಳನ್ನು ಮೇಕೆಯ ಹಾಗೆ ಬಲಿಪೀಠದ ಮೇಲೆ ಎತ್ತಿ ಹಿಡಿಯಲು, ಅವಳು ಮನೆತನವನ್ನು ಶಪಿಸದಂತೆ ಬಾಯಿ ಕಟ್ಟಲು ಅಪ್ಪನೇ ಹೇಳುತ್ತಾನೆ. ಅವಳ ಕಣ್ಣು ಮಾತ್ರ ಒಬ್ಬೊಬ್ಬರನ್ನೂ ಬೇಡಿಕೊಳ್ಳುತ್ತಾ ತಾಕುತ್ತದೆ. ಮಗಳನ್ನು ಕೊಂದರೆ ತಂದೆಯ ಕೈಗೆ ರಕ್ತ, ಕೊಲ್ಲದಿದ್ದರೆ ನಂಬಿದವರಿಗೆ ದ್ರೋಹ ಎಂದು ಅವನೇ ಸ್ವಲ್ಪ ಮೊದಲು ತೂಗಿ ನೋಡಿದ್ದ. ಎರಡರಲ್ಲಿ ಯಾವುದು ಕೆಡುಕಿಲ್ಲದ್ದು ಎಂದು ಕೇಳಿಕೊಂಡಿದ್ದ. ಹಾಗೆ ಕೇಳಿಕೊಂಡವನಿಗೆ ಮುಂದೆ ವಿಧಿಯ ಮರೆ ಸಿಗುವುದಿಲ್ಲ.

ಕರ್ಣನನ್ನು ಈಡಿಪಸ್‌ಗೆ ಹೋಲಿಸಬಹುದೇ?

ಹುಟ್ಟಿನ ಗುಟ್ಟು, ತೊರೆದ ತಾಯಿ, ಸಾಕಿದ ಬೇರೆ ತಂದೆ ತಾಯಿ: ಇಷ್ಟು ಹೊಂದುತ್ತದೆ. ಮುಖ್ಯವಾದದ್ದು ಹೊಂದುವುದಿಲ್ಲ. ಕರ್ಣನಿಗೆ ಯುದ್ಧಕ್ಕೆ ಮೊದಲೇ ತನ್ನ ಒಡಹುಟ್ಟಿದವರು ಯಾರೆಂದು ತಿಳಿಯುತ್ತದೆ. ತಿಳಿದೂ ಅನ್ನ ಕೊಟ್ಟವನ ಪಕ್ಕದಲ್ಲಿ ನಿಲ್ಲುತ್ತಾನೆ. ಈಡಿಪಸ್‌ಗೆ ತಿಳಿಯುವ ಹೊತ್ತಿಗೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ಕಣ್ಣು ತೆರೆದು ಧರ್ಮಸಂಕಟಕ್ಕೆ ನಡೆದುಹೋದ ಕರ್ಣನ ಪಕ್ಕದಲ್ಲಿ ನಿಲ್ಲಬೇಕಾದವಳು ಈಡಿಪಸ್‌ನ ಮಗಳು ಅಂತಿಗೊನೆ.

ಈ ನಾಟಕಗಳಲ್ಲಿ ಕೊಲೆಯೂ ಕೇಡೂ ಮನೆಯೊಳಗೇ ಏಕೆ ನಡೆಯುತ್ತವೆ?

ಇದನ್ನು ಅರಿಸ್ಟಾಟಲ್ 'ಕಾವ್ಯಮೀಮಾಂಸೆ'ಯ 14ನೆಯ ಅಧ್ಯಾಯದಲ್ಲಿ ನೇರವಾಗಿ ಎತ್ತಿಕೊಳ್ಳುತ್ತಾನೆ. ಶತ್ರು ಶತ್ರುವನ್ನು ಕೊಂದರೆ ಸತ್ತವನ ನೋವಿಗೆ ಮರುಗುತ್ತೇವೆ, ಅಷ್ಟೇ. ಪರಸ್ಪರ ಏನೂ ಅಲ್ಲದವರ ನಡುವೆಯೂ ಅಷ್ಟೇ. ಆದರೆ ಒಡಹುಟ್ಟಿದವನು ಒಡಹುಟ್ಟಿದವನನ್ನು, ಮಗ ತಂದೆಯನ್ನು, ತಾಯಿ ಮಗನನ್ನು, ಮಗ ತಾಯಿಯನ್ನು ಕೊಂದಾಗ ಅಥವಾ ಕೊಲ್ಲಹೊರಟಾಗ? ನಾಟಕಕಾರರು ಅರಸಬೇಕಾದದ್ದು ಇಂಥವನ್ನೇ ಎನ್ನುತ್ತಾನೆ. ಒಳ್ಳೆಯ ರುದ್ರನಾಟಕಗಳು ಬೆರಳೆಣಿಕೆಯ ಮನೆತನಗಳ ಸುತ್ತ ಹುಟ್ಟಿಕೊಂಡದ್ದಕ್ಕೂ ಇದೇ ಕಾರಣ ಎಂಬುದು ಅವನ ಮಾತು.

ನಾನು ಸೇರಿಸುವುದು ಇಷ್ಟು. ಶತ್ರುವಿನ ಮುಂದೆ ಕರ್ತವ್ಯ ಒಂದೇ ಇರುತ್ತದೆ. ಮನೆಯೊಳಗೆ ಒಂದು ಕರ್ತವ್ಯವನ್ನು ಹಿಡಿದೆತ್ತಿದರೆ ಇನ್ನೊಂದು ಹರಿಯುತ್ತದೆ. ಕೊಲೆಯಾದ ತಂದೆ ಅಗಮೆಮ್ನಾನ್‌ಗೆ ನಿಷ್ಠನಾದ ಒರೆಸ್ಟಿಸ್ ತಾಯಿಯನ್ನು ಕೊಲ್ಲಬೇಕು. ಸತ್ತ ಒಡಹುಟ್ಟಿದವನಿಗೆ ನಿಷ್ಠಳಾದ ಅಂತಿಗೊನೆ ಬದುಕಿರುವ ಒಡಹುಟ್ಟಿದವಳನ್ನು ತಳ್ಳಿಬಿಡುತ್ತಾಳೆ.

ಇನ್ನೊಂದು ಹಿನ್ನೆಲೆಯನ್ನೂ ಮನಸ್ಸಿನಲ್ಲಿಡಬೇಕು. ಅಥೆನ್ಸ್‌ನಲ್ಲಿ ವಸಂತದಲ್ಲಿ ನಡೆಯುತ್ತಿದ್ದ ಡಯೊನೈಸಸ್ ಹಬ್ಬದಲ್ಲಿ ಈ ನಾಟಕಗಳು ಸ್ಪರ್ಧೆಗೆ ನಿಲ್ಲುತ್ತಿದ್ದವು. ಒಬ್ಬೊಬ್ಬ ಕವಿಯದೂ ಮೂರು ರುದ್ರನಾಟಕ, ಜೊತೆಗೊಂದು ಸೇಟರ್ ನಾಟಕ ಎಂಬ ವಿನೋದದ ಆಟ. ನಾಟಕ ಶುರುವಾಗುವ ಮೊದಲು, ಯುದ್ಧದಲ್ಲಿ ತಂದೆಯನ್ನು ಕಳೆದುಕೊಂಡು ನಗರದ ಖರ್ಚಿನಲ್ಲಿ ಬೆಳೆದ ಹುಡುಗರು ಪ್ರಾಯಕ್ಕೆ ಬಂದಾಗ ಪೂರ್ತಿ ಕವಚ ತೊಟ್ಟು ಅದೇ ರಂಗದಲ್ಲಿ ಮೆರವಣಿಗೆಯಲ್ಲಿ ಬರುತ್ತಿದ್ದರು. ಇವರು ನನ್ನ ಮಕ್ಕಳು ಎಂದು ನಗರ ಸಾರಿಕೊಂಡ ಅದೇ ನೆಲದ ಮೇಲೆ, ಇವನು ನಿಮ್ಮವನಲ್ಲ, ನನ್ನವನು ಎಂದು ಹೆಣವೊಂದರ ಬಗ್ಗೆ ಹೇಳುವ ಹುಡುಗಿಯನ್ನು ಸೋಫೋಕ್ಲಿಸ್ ತಂದು ನಿಲ್ಲಿಸಿದ.

ಅಂತಿಗೊನೆಯ ಕಥೆ ಚುಟುಕಾಗಿ ಹೇಳಿ.

ಈಡಿಪಸ್‌ನ ಇಬ್ಬರು ಗಂಡುಮಕ್ಕಳು ಥೀಬ್ಸ್‌ನ ಗದ್ದುಗೆಗಾಗಿ ಹೋರಾಡಿ ಒಬ್ಬರನ್ನೊಬ್ಬರು ಕೊಂದುಕೊಂಡರು. ನಗರವನ್ನು ಕಾಯುತ್ತಾ ಸತ್ತ ಇಟಿಯೊಕ್ಲಿಸ್‌ಗೆ ಸಕಲ ಮರ್ಯಾದೆ. ಹೊರಗಿನ ಸೈನ್ಯ ತಂದ ಪಾಲಿನೈಸಿಸ್‌ನನ್ನು ಹೂಳಕೂಡದು, ನಾಯಿ ಹದ್ದುಗಳಿಗೆ ಬಿಡಬೇಕು ಎಂದು ಹೊಸ ದೊರೆ, ಮಕ್ಕಳ ಸೋದರಮಾವ ಕ್ರಿಯಾನ್ ಆಜ್ಞೆ ಹೊರಡಿಸುತ್ತಾನೆ. ಅಂತಿಗೊನೆ ಹೆಣದ ಮೇಲೆ ಮಣ್ಣು ಚೆಲ್ಲುತ್ತಾಳೆ, ಸಿಕ್ಕಿಬೀಳುತ್ತಾಳೆ, ಜೀವಂತವಾಗಿ ಕಲ್ಲಿನ ಗವಿ ಸೇರುತ್ತಾಳೆ. ಅವಳನ್ನು ಮದುವೆಯಾಗಬೇಕಿದ್ದವನು ಕ್ರಿಯಾನ್‌ನ ಮಗ ಹೀಮನ್.

ಅವಳು ಎರಡು ಸಲ ಮಣ್ಣು ಹಾಕುವುದೇಕೆ?

ಮೊದಲ ಸಲದ ಮಣ್ಣನ್ನು ಕಾವಲಿನವರು ಗುಡಿಸಿ ತೆಗೆದರು. ಅವಳು ಮತ್ತೆ ಬಂದು ಬೆತ್ತಲೆ ಹೆಣವನ್ನು ಕಂಡಳು. ಮರಿಗಳಿಲ್ಲದ ಗೂಡನ್ನು ಕಂಡ ಹಕ್ಕಿಯ ಹಾಗೆ ಚೀರಿದಳು ಎನ್ನುತ್ತಾನೆ ಕಾವಲುಗಾರ. ವಿದ್ವಾಂಸರು ಬೇರೆ ಬೇರೆ ವಿವರಣೆ ಕೊಟ್ಟಿದ್ದಾರೆ. ನನಗೆ ಆ ಹಕ್ಕಿಯ ಕೂಗು ಸಾಕು.

ಹಾಗಾದರೆ ಯಾರು ಸರಿ, ಅಂತಿಗೊನೆಯೋ ಕ್ರಿಯಾನ್‌ನೋ?

ಕ್ರಿಯಾನ್‌ನನ್ನು ಖಳನಾಯಕ ಎಂದು ಮೊದಲೇ ತೀರ್ಮಾನಿಸಿದರೆ ನಾಟಕ ಅಲ್ಲಿಗೇ ಸತ್ತುಹೋಗುತ್ತದೆ. ನಗರವೆಂಬ ಹಡಗು ನೆಟ್ಟಗಿದ್ದರೆ ಮಾತ್ರ ನಮಗೆ ಗೆಳೆಯರು, ನಂಟರು ಎಲ್ಲ, ಆದ್ದರಿಂದ ನಾಡಿಗಿಂತ ಗೆಳೆಯನನ್ನು ದೊಡ್ಡವನೆಂದು ಎಣಿಸುವವನು ನನ್ನ ಲೆಕ್ಕಕ್ಕೆ ಬಾರದವನು ಎಂದು ಅವನು ಮೊದಲ ಭಾಷಣದಲ್ಲಿ ಹೇಳುತ್ತಾನೆ. ಅಥೆನ್ಸ್‌ನವರಿಗೆ ಇದು ಹಿಡಿಸುವ ಮಾತೇ. ಕ್ರಿ.ಪೂ. 343ರಲ್ಲಿ ವಾಗ್ಮಿ ಡೆಮೊಸ್ತನೀಸ್ ತನ್ನ ಎದುರಾಳಿ ಎಸ್ಕಿನೀಸ್‌ನ ಮೇಲೆ ನ್ಯಾಯಾಲಯದಲ್ಲಿ ಆರೋಪ ಹೊರಿಸುವಾಗ ಇದೇ ಸಾಲುಗಳನ್ನು ದೇಶನಿಷ್ಠೆಯ ಮಾದರಿಯೆಂದು ಓದಿಸಿದ. ಹಿಂದೆ ನಟನಾಗಿ ಕ್ರಿಯಾನ್‌ನ ಪಾತ್ರವನ್ನು ಎಷ್ಟೋ ಸಲ ಆಡಿದ ನೀನು ಈ ಮಾತನ್ನು ಬದುಕಿನಲ್ಲಿ ಮರೆತೆ ಎಂದು ಚುಚ್ಚಿದ. ಆ ಕಾಲದ ಕಾನೂನು ಕೂಡ ದ್ರೋಹಿಯನ್ನು ಅಟ್ಟಿಕದ, ಅಂದರೆ ಅಥೆನ್ಸ್ ನಾಡಿನ, ಮಣ್ಣಿನಲ್ಲಿ ಹೂಳಲು ಬಿಡುತ್ತಿರಲಿಲ್ಲ. ಸೋಫೋಕ್ಲಿಸ್‌ಗೂ ಆಡಳಿತ ಹೊರಗಿನದಲ್ಲ. 'ಅಂತಿಗೊನೆ' ಆಡಿದ್ದೆಂದು ನಂಬಲಾದ ಕ್ರಿ.ಪೂ. 441ರ ಆಸುಪಾಸಿನಲ್ಲೇ ಅವನು ಅಥೆನ್ಸ್‌ನ ಮುಂದಾಳು ಪೆರಿಕ್ಲಿಸ್‌ನ ಜೊತೆ ನಗರದ ದಂಡನಾಯಕರಲ್ಲಿ ಒಬ್ಬನಾಗಿದ್ದ.

ಆದರೆ ದ್ರೋಹಿಯನ್ನು ಗಡಿಯಾಚೆ ಹೂಳಿಕೊಳ್ಳಿ ಎನ್ನುವುದು ಬೇರೆ, ಯಾರೂ ಎಲ್ಲಿಯೂ ಹೂಳಕೂಡದು ಎಂದು ಕಾವಲು ಹಾಕುವುದು ಬೇರೆ. ಕ್ರಿಯಾನ್ ಜಾರುವುದು ಅಲ್ಲಿ. ಆಮೇಲೆ ಅವನು ಮಾತುಮಾತಿಗೂ ಕುಗ್ಗುತ್ತಾ ಹೋಗುತ್ತಾನೆ. ನಗರದ ಹೆಸರಿನಲ್ಲಿ ಶುರು ಮಾಡಿದವನು ಮಗನ ಜೊತೆಗಿನ ಜಗಳದಲ್ಲಿ ನಗರ ಆಳುವವನ ಸೊತ್ತಲ್ಲವೇ ಎಂದು ಕೇಳುವ ಮಟ್ಟಕ್ಕೆ ಇಳಿಯುತ್ತಾನೆ. ಹೀಮನ್ ಎಷ್ಟು ನಯವಾಗಿ ಮಾತು ಶುರು ಮಾಡುತ್ತಾನೆ ನೋಡಿ. ನೆರೆ ಬಂದಾಗ ಬಾಗಿದ ಮರ ರೆಂಬೆಗಳನ್ನು ಉಳಿಸಿಕೊಳ್ಳುತ್ತದೆ, ಸೆಟೆದು ನಿಂತದ್ದು ಬೇರು ಸಮೇತ ಹೋಗುತ್ತದೆ ಎಂದು ತಂದೆಗೆ ತಗ್ಗಿದ ದನಿಯಲ್ಲಿ ಹೇಳುತ್ತಾನೆ. ಮಗನ ನಿಷ್ಠೆ ಅದಕ್ಕಿಂತ ಹೆಚ್ಚು ಬಾಗಲಾರದು. ಕ್ರಿಯಾನ್‌ಗೆ ಅದರಲ್ಲಿ ಹೆಣ್ಣಿನ ಗುಲಾಮನ ಮಾತಷ್ಟೇ ಕೇಳಿಸುತ್ತದೆ.

ಎರಡು ಕಡೆಯೂ ನ್ಯಾಯವಿದೆ, ಎರಡು ನ್ಯಾಯಗಳ ಘರ್ಷಣೆಯೇ ಇಲ್ಲಿನ ದುರಂತ ಎಂಬ ಜರ್ಮನ್ ತತ್ವಜ್ಞಾನಿ ಹೆಗೆಲ್‌ನ ಮಾತು ಪ್ರಸಿದ್ಧ. ಓದುಗನ ಕಣ್ಣು ತೆರೆಸುವ ಮಾತು ಅದು, ಆದರೆ ತಕ್ಕಡಿಯನ್ನು ಅವನು ಹೆಚ್ಚು ಸಮ ಮಾಡಿದ ಎನ್ನಿಸುತ್ತದೆ. ಹೆಣದ ತುಣುಕುಗಳಿಂದ ಬಲಿಪೀಠಗಳೆಲ್ಲ ಹೊಲಸಾಗಿವೆ, ದೇವರುಗಳು ನಮ್ಮ ಪೂಜೆಯನ್ನು ಒಪ್ಪುತ್ತಿಲ್ಲ ಎಂದು ಟೈರೇಸಿಯಸ್ ಸ್ಪಷ್ಟವಾಗಿ ಹೇಳುತ್ತಾನೆ. ಹೂಳುವ ವಿಷಯದಲ್ಲಿ ಅಂತಿಗೊನೆ ಸರಿ. ಸರಿಯಾದವಳು ಮೃದುವಾಗಿರಬೇಕೆಂಬ ನಿಯಮವನ್ನು ಮಾತ್ರ ಸೋಫೋಕ್ಲಿಸ್ ಒಪ್ಪಲಿಲ್ಲ.

ಪಾಲಿನೈಸಿಸ್ ಅವಳಿಗೆ ಅಣ್ಣನೋ ತಮ್ಮನೋ?

ಕನ್ನಡಕ್ಕೆ ತರುವವರೆಲ್ಲ ಎಡವುವ ಕಲ್ಲು ಇದು. ಗ್ರೀಕ್‌ನಲ್ಲಿ 'ಅಡೆಲ್ಫೊಸ್' ಎಂದರೆ ಸಾಕು, ಹಿರಿಯನೋ ಕಿರಿಯನೋ ಹೇಳಬೇಕಿಲ್ಲ. ಈ ನಾಟಕ ಅದನ್ನು ಹೇಳುವುದೂ ಇಲ್ಲ. ನಮಗೆ ಅಣ್ಣ, ತಮ್ಮ, ಅಕ್ಕ, ತಂಗಿ ಎನ್ನದೆ ಮನೆಯೊಳಗೆ ಬಾಯಿ ತೆರೆಯಲಾಗದು. ನಾನು ಈ ಬರಹದಲ್ಲಿ ಒಡಹುಟ್ಟಿದವನು ಎಂದು ಬಳಸಿಕೊಂಡು ಬರುತ್ತಿರುವುದು ಅದಕ್ಕೇ.

ಆದರೆ ಇನ್ನೊಂದು ಕಡೆ ನಮ್ಮ ನುಡಿ ಬೇರೆಯವರಿಗಿಲ್ಲದ ಅನುಕೂಲವನ್ನು ಕೊಡುತ್ತದೆ. 'ಅಡೆಲ್ಫೊಸ್' ಪದವನ್ನು ಬಿಡಿಸಿದರೆ ಒಂದೇ ಗರ್ಭದವನು ಎಂದಾಗುತ್ತದೆ. ಸಂಸ್ಕೃತದಿಂದ ನಾವು ಪಡೆದ ಸಹೋದರ ಎಂಬ ಮಾತನ್ನು ಬಿಡಿಸಿ ನೋಡಿ: ಅದೇ ಹೊಟ್ಟೆ, ಅದೇ ಉದರ. ಕ್ರಿಯಾನ್‌ನ ಮುಂದೆ ನಿಂತ ಅಂತಿಗೊನೆ, ಒಂದೇ ಒಡಲಿನಿಂದ ಬಂದವರನ್ನು ಗೌರವಿಸುವುದರಲ್ಲಿ ನಾಚಿಕೆಯೇನಿದೆ ಎಂದು ಕೇಳುತ್ತಾಳೆ. ಬೇರೆ ಯಾವ ಮನೆಯಲ್ಲಾದರೂ ಇದು ಸರಳವಾದ ಮಾತು. ಈ ಮನೆಯಲ್ಲಿ ಹಾಗಲ್ಲ. ಅವಳನ್ನು ಹೆತ್ತ ಒಡಲೇ ಅವಳ ತಂದೆಯನ್ನೂ ಹೆತ್ತಿತು. ಈಡಿಪಸ್ ಅವಳಿಗೆ ತಂದೆಯೂ ಹೌದು, ಸಹೋದರನೂ ಹೌದು. ಯಾವ ಗರ್ಭದ ಹೆಸರೆತ್ತಿ ಅವಳು ತನ್ನ ಧರ್ಮವನ್ನು ಸಮರ್ಥಿಸಿಕೊಳ್ಳುತ್ತಾಳೋ ಅದೇ ಗರ್ಭ ಆ ಮನೆತನದ ಕೇಡಿನ ತಾಣ. ವಿಧಿಯೂ ರಕ್ತದ ನಿಷ್ಠೆಯೂ ಇಷ್ಟು ಒಂದೇ ಜಾಗದಲ್ಲಿ ಬೇರುಬಿಟ್ಟ ಇನ್ನೊಂದು ನಾಟಕ ನನಗೆ ಗೊತ್ತಿಲ್ಲ. ಈ ಮಾತು ಮೊದಲ ಸಲ ಹೊಳೆದಾಗ ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ಗಂಡನಿಗಾಗಿ, ಮಕ್ಕಳಿಗಾಗಿ ಹೀಗೆ ಮಾಡುತ್ತಿರಲಿಲ್ಲ ಎಂದು ಅವಳು ಹೇಳುವುದೇಕೆ?

ಸಾಯಲು ಹೊರಟಾಗ ಆಡುವ ಮಾತು. ಗಂಡ ಸತ್ತರೆ ಇನ್ನೊಬ್ಬ ಸಿಕ್ಕಾನು, ಮಗು ಹೋದರೆ ಇನ್ನೊಂದು ಹುಟ್ಟೀತು, ಆದರೆ ತಂದೆ ತಾಯಿ ಇಬ್ಬರೂ ಮಣ್ಣು ಸೇರಿರುವಾಗ ಇನ್ನೊಬ್ಬ ಸಹೋದರ ಹುಟ್ಟಿಬರಲಾರ. ಇದೇ ತರ್ಕ ಹೆರೊಡೊಟಸ್‌ನ ಚರಿತ್ರೆಯಲ್ಲಿ ಪರ್ಷಿಯದ ಹೆಂಗಸೊಬ್ಬಳ ಬಾಯಲ್ಲಿ ಬರುತ್ತದೆ. ಸೆರೆಯಲ್ಲಿರುವ ನಿನ್ನವರಲ್ಲಿ ಒಬ್ಬನನ್ನು ಬಿಡುತ್ತೇನೆ ಎಂದು ದೊರೆ ಡೇರಿಯಸ್ ಹೇಳಿದಾಗ ಅವಳು ಗಂಡನನ್ನೂ ಮಕ್ಕಳನ್ನೂ ಬಿಟ್ಟು ಒಡಹುಟ್ಟಿದವನನ್ನು ಆರಿಸಿಕೊಳ್ಳುತ್ತಾಳೆ.

ಜರ್ಮನ್ ಕವಿ ಗಯಟೆಗೆ ಅಂತಿಗೊನೆಯ ಈ ಮಾತು ಎಷ್ಟು ಇರುಸುಮುರುಸಾಯಿತೆಂದರೆ, ಯಾರಾದರೂ ವಿದ್ವಾಂಸ ಇದು ಸೋಫೋಕ್ಲಿಸ್‌ನದಲ್ಲ, ಆಮೇಲೆ ಸೇರಿಸಿದ್ದು ಎಂದು ಸಾಧಿಸಿ ತೋರಿಸಲಿ ಎಂದು ಹಾರೈಸಿದ. ಆದರೆ ಅರಿಸ್ಟಾಟಲ್ ಇದನ್ನು ಸೋಫೋಕ್ಲಿಸ್‌ನ ಸಾಲುಗಳೆಂದೇ ಎತ್ತಿಕೊಡುತ್ತಾನೆ. ನನಗೆ ಇದನ್ನು ತೆಗೆದುಹಾಕುವ ಮನಸ್ಸಿಲ್ಲ. ದೇವರುಗಳ ಬರೆಯದ ಶಾಸನ ಎಂದು ಎಲ್ಲರ ಮುಂದೆ ತಲೆಯೆತ್ತಿ ಹೇಳಿದವಳು, ಮೇಳದವರೂ ಅಷ್ಟಕ್ಕಷ್ಟೇ ಆದ ಮೇಲೆ, ಸಾವಿನ ಎದುರು ಒಂಟಿಯಾಗಿ ನಿಂತು ತನಗೆ ತಾನೇ ಕಾರಣ ಹುಡುಕುತ್ತಾಳೆ. ದೊಡ್ಡ ತತ್ವ ಕಳಚಿಬಿದ್ದು ಉಳಿಯುವುದು ಇಷ್ಟೇ: ಅವನಂಥವನು ಇನ್ನೊಬ್ಬ ಬರುವುದಿಲ್ಲ. ಹತ್ತಿರದವರನ್ನು ಕಳೆದುಕೊಂಡವರಿಗೆ ಈ ತರ್ಕ ವಿಚಿತ್ರವೆನಿಸುವುದಿಲ್ಲ.

ಇಸ್ಮೆನೆ ಹೇಡಿಯೇ?

ನಾನೂ ಮೊದಲು ಹಾಗೆಯೇ ತಿಳಿದಿದ್ದೆ. ಅಂತಿಗೊನೆಯ ಒಡಹುಟ್ಟಿದವಳು ಇವಳು. ಮೊದಲ ದೃಶ್ಯದಲ್ಲಿ ಅವಳು, ನಾವು ಹೆಂಗಸರು, ಬಲಶಾಲಿಗಳ ಎದುರು ನಿಲ್ಲಲಾರೆವು ಎನ್ನುತ್ತಾಳೆ. ಮಣ್ಣು ಹಾಕಲು ಕೈಜೋಡಿಸುವುದಿಲ್ಲ. ಆದರೆ ನಾಲ್ವರಲ್ಲಿ ಇಬ್ಬರು ಈಗಾಗಲೇ ಹೋಗಿದ್ದಾರೆ, ಉಳಿದವರು ನಾವಿಬ್ಬರೇ ಎಂದು ಎಣಿಸುವವಳು ಅವಳೇ. ಬದುಕಿರುವವರನ್ನು ಉಳಿಸಿಕೊಳ್ಳುವುದೂ ಮನೆಯ ನಿಷ್ಠೆಯೇ ಅಲ್ಲವೇ? ಗುಟ್ಟಾಗಿ ಮಾಡು, ನಾನೂ ಬಾಯಿ ಬಿಡುವುದಿಲ್ಲ ಎಂದರೆ, ಬೇಡ, ಊರಿಗೆಲ್ಲ ಸಾರು, ಸುಮ್ಮನಿದ್ದರೆ ಇನ್ನಷ್ಟು ದ್ವೇಷಿಸುತ್ತೇನೆ ಎಂದು ಅಂತಿಗೊನೆ ಸಿಡುಕುತ್ತಾಳೆ. ಆಮೇಲೆ ಇಸ್ಮೆನೆ ಅಳುತ್ತಾ ಬಂದು, ನಾನೂ ಪಾಲುಗಾರ್ತಿ, ನನ್ನನ್ನೂ ಕೊಲ್ಲಿ ಎಂದು ನಿಂತಾಗ, ನೀನು ಮುಟ್ಟದ್ದನ್ನು ನಿನ್ನದಾಗಿಸಿಕೊಳ್ಳಬೇಡ ಎಂದು ತಳ್ಳುತ್ತಾಳೆ.

ದ್ವೇಷದಲ್ಲಿ ಕೂಡಲು ಹುಟ್ಟಿದವಳಲ್ಲ, ಪ್ರೀತಿಯಲ್ಲಿ ಕೂಡಲು ಹುಟ್ಟಿದವಳು ಎಂದು ಕ್ರಿಯಾನ್‌ಗೆ ಹೇಳಿದವಳು ಈ ಅಂತಿಗೊನೆಯೇ. ಗವಿಯತ್ತ ನಡೆಯುವಾಗ, ಅರಸುಮನೆತನದಲ್ಲಿ ಉಳಿದ ಕೊನೆಯವಳನ್ನು ನೋಡಿರಿ ಎಂದು ತನ್ನನ್ನೇ ತೋರಿಸಿಕೊಳ್ಳುತ್ತಾಳೆ. ಇಸ್ಮೆನೆ ಆಗ ಅರಮನೆಯೊಳಗೆ ಜೀವಂತ ಇದ್ದಾಳೆ. ನಾಟಕ ಅವಳ ಬಗ್ಗೆ ಮುಂದೆ ಒಂದು ಮಾತನ್ನೂ ಹೇಳುವುದಿಲ್ಲ.

ತಾಯಿಯನ್ನು ಕೊಂದ ಒರೆಸ್ಟಿಸ್ ಬಿಡುಗಡೆಯಾಗುವುದು ನ್ಯಾಯವೇ?

ಕ್ರಿ.ಪೂ. 458ರಲ್ಲಿ ಮೊದಲ ಬಹುಮಾನ ಪಡೆದ ಈಸ್ಕಿಲಸ್‌ನ 'ಒರೆಸ್ಟಿಯ' ಮೂರು ನಾಟಕಗಳ ಮಾಲೆ. ಮಗಳನ್ನು ಬಲಿ ಕೊಟ್ಟ ಅಗಮೆಮ್ನಾನ್‌ನನ್ನು ಹೆಂಡತಿ ಕ್ಲೈಟೆಮ್ನೆಸ್ಟ್ರ ಕೊಲ್ಲುತ್ತಾಳೆ, ಅವಳನ್ನು ಮಗ ಒರೆಸ್ಟಿಸ್ ಕೊಲ್ಲುತ್ತಾನೆ, ತಾಯಿಯ ರಕ್ತಕ್ಕೆ ಸೇಡು ಕೇಳುವ ಎರಿನಿಯ ದೇವತೆಗಳು ಅವನ ಬೆನ್ನು ಹತ್ತುತ್ತಾರೆ. ಗಂಡನನ್ನು ಕೊಂದವಳ ಬೆನ್ನು ಏಕೆ ಹತ್ತಲಿಲ್ಲ ಎಂದರೆ, ಗಂಡ ಒಂದೇ ರಕ್ತದವನಲ್ಲ ಎನ್ನುತ್ತಾರೆ.

ಎರಡನೆಯ ನಾಟಕದಲ್ಲಿ ಒಂದು ಕ್ಷಣವಿದೆ. ತಾಯಿ ಎದೆ ತೋರಿಸಿ, ಹಾಲು ಕುಡಿದದ್ದು ಇಲ್ಲಿಯೇ ಅಲ್ಲವೇ ಮಗನೇ ಎನ್ನುತ್ತಾಳೆ. ಕತ್ತಿ ಹಿಡಿದ ಒರೆಸ್ಟಿಸ್ ನಿಂತುಬಿಡುತ್ತಾನೆ. ಪಕ್ಕದ ಗೆಳೆಯನತ್ತ ತಿರುಗಿ, ಪಿಲಾಡಿಸ್, ಏನು ಮಾಡಲಿ ಎಂದು ಕೇಳುತ್ತಾನೆ. ನಾಟಕದುದ್ದಕ್ಕೂ ಮೂಕನಂತೆ ಜೊತೆಗಿದ್ದ ಪಿಲಾಡಿಸ್ ಆಗ ಮೂರೇ ಸಾಲು ಮಾತನಾಡುತ್ತಾನೆ: ಅಪೋಲೊನ ವಾಣಿ ಏನಾಯಿತು, ಕೊಟ್ಟ ಆಣೆ ಏನಾಯಿತು, ದೇವರುಗಳನ್ನಲ್ಲದೆ ಯಾರನ್ನು ಬೇಕಾದರೂ ಹಗೆ ಮಾಡಿಕೋ. ಮತ್ತೆ ಅವನ ಬಾಯಿ ಮುಚ್ಚುತ್ತದೆ. ಇವನು ಮಾತನಾಡುವ ಪಾತ್ರವಲ್ಲ ಎಂದುಕೊಂಡಿದ್ದ ಪ್ರೇಕ್ಷಕರಿಗೆ ಆ ದನಿ ದೇವರದೇ ಎಂಬಂತೆ ಕೇಳಿಸಿರಬೇಕು.

ಮೂರನೆಯ ನಾಟಕದಲ್ಲಿ ಅಥೆನ್ಸ್‌ನ ನಗರದೇವತೆ ಅಥೀನ ಏರಿಯೊಪಾಗಸ್ ಬೆಟ್ಟದಲ್ಲಿ ಪೌರರ ನ್ಯಾಯಾಲಯ ಕೂರಿಸುತ್ತಾಳೆ. ಮತಗಳು ಸಮವಾಗುತ್ತವೆ, ಅಥೀನಳ ಒಲವು ಒರೆಸ್ಟಿಸ್‌ನತ್ತ, ಅವನು ಪಾರಾಗುತ್ತಾನೆ. ತಾಯಿ ನಿಜವಾದ ಹೆತ್ತವಳಲ್ಲ, ಬೀಜವನ್ನು ಕಾಯುವವಳಷ್ಟೇ ಎಂಬ ಅಪೋಲೊನ ವಾದ ನನಗೆ ಎಂದೂ ಒಪ್ಪಿಗೆಯಾಗಿಲ್ಲ. ಮಾನವರ ಮತಗಳು ಒಂದು ಕಡೆಗೆ ವಾಲಲಿಲ್ಲ ಎಂಬುದನ್ನು ಗಮನಿಸಿ. ಈ ತೀರ್ಪು ಸೇಡಿನ ಸರಪಳಿಯನ್ನು ತುಂಡರಿಸುತ್ತದೆ. ಇಫಿಜೆನಿಯಳ ಬಾಯಿ ಕಟ್ಟಿದ ಬಟ್ಟೆಯ ಬಗ್ಗೆ ಅದು ಏನೂ ಹೇಳುವುದಿಲ್ಲ.

ಪ್ರೇಕ್ಷಕರಿಗೆ ಕಥೆ ಮೊದಲೇ ಗೊತ್ತಿದ್ದರೆ ಕುತೂಹಲವೇನು ಉಳಿಯುತ್ತದೆ?

ರಾಮಾಯಣದ ಕಥೆ ಗೊತ್ತಿದ್ದೂ ಬಯಲಾಟಕ್ಕೆ ಹೋಗಿ ಕುಳಿತವರಿಗೆ ಇದನ್ನು ವಿವರಿಸಬೇಕಿಲ್ಲ. ಜೊತೆಗೆ, ಕವಿಗಳು ಕಥೆಯ ವಿವರಗಳನ್ನು ಧಾರಾಳವಾಗಿ ಬದಲಿಸುತ್ತಿದ್ದರು.

ಈಡಿಪಸ್ ಕುಟುಂಬದ ಮೂರು ನಾಟಕಗಳು ಒಂದೇ ಮಾಲೆಯವೇ?

ಅಲ್ಲ. ಕಥೆಯಲ್ಲಿ ಕೊನೆಗೆ ಬರುವ 'ಅಂತಿಗೊನೆ' ಮೂರರಲ್ಲಿ ಮೊದಲು ಬರೆದದ್ದು. 'ಕೊಲೊನಸ್‌ನಲ್ಲಿ ಈಡಿಪಸ್' ರಂಗಕ್ಕೆ ಬಂದದ್ದು ಕ್ರಿ.ಪೂ. 401ರಲ್ಲಿ, ಕವಿ ತೀರಿಕೊಂಡ ಮೇಲೆ, ಅದೇ ಹೆಸರಿನ ಮೊಮ್ಮಗನ ಕೈಯಲ್ಲಿ. ಪಾಲಿನೈಸಿಸ್ ಹಿರಿಯನೆಂದೂ ಕಿರಿಯವನು ಅವನನ್ನು ಓಡಿಸಿದನೆಂದೂ ಈ ಕೊನೆಯ ನಾಟಕದಲ್ಲಿ ಬರುತ್ತದೆ.

ಇಷ್ಟೊಂದು 'ಸಾವು' ಇದ್ದರೂ ರಂಗದ ಮೇಲೆ ಕೊಲೆ ಕಾಣಿಸುವುದಿಲ್ಲ, ಏಕೆ?

ಸಾಮಾನ್ಯವಾಗಿ ಕೊಲೆ ಬಾಗಿಲ ಹಿಂದೆ ನಡೆಯುತ್ತದೆ, ದೂತನೊಬ್ಬ ಬಂದು ಹೇಳುತ್ತಾನೆ. ನಟರು ಮೂವರೇ, ಎಲ್ಲರೂ ಗಂಡಸರು, ಮುಖವಾಡ ಬದಲಿಸಿ ಎಲ್ಲ ಪಾತ್ರಗಳನ್ನೂ ಅವರೇ ಆಡಬೇಕು. ಮೂರನೆಯ ನಟನನ್ನು ತಂದವನು ಸೋಫೋಕ್ಲಿಸ್ ಎನ್ನುತ್ತಾನೆ ಅರಿಸ್ಟಾಟಲ್. ಆ ಮೂರನೆಯವನಿಂದ ಏನಾಯಿತೆಂದು ನೋಡಬೇಕಾದರೆ ಕಾರಿಂತ್‌ನಿಂದ ಬಂದ ಮುದುಕ ಈಡಿಪಸ್‌ಗೆ ಅವನ ಹುಟ್ಟಿನ ಸುದ್ದಿ ಹೇಳುವ ದೃಶ್ಯವನ್ನು ಓದಿ. ಮಾತು ಅವರಿಬ್ಬರ ನಡುವೆ. ಪಕ್ಕದಲ್ಲಿ ಜೊಕಾಸ್ಟ ಸುಮ್ಮನೆ ನಿಂತಿದ್ದಾಳೆ. ಹರಡುಗಳನ್ನು ಚುಚ್ಚಿದ ಮಗು ಎಂಬ ಮಾತು ಬಂದಾಗ ಮುಖವಾಡದ ಹಿಂದೆ ಏನಾಗಿರಬಹುದು? ಸೋಫೋಕ್ಲಿಸ್ ಆಗ ಅವಳಿಗೆ ಒಂದು ಸಾಲನ್ನೂ ಕೊಡುವುದಿಲ್ಲ.

ಕನ್ನಡದಲ್ಲಿ ಇವು ಓದಲು ಸಿಗುತ್ತವೆಯೇ?

ಪಿ. ಲಂಕೇಶ್ ಅವರು 'ದೊರೆ ಈಡಿಪಸ್' ಮತ್ತು 'ಅಂತಿಗೊನೆ' ಎರಡನ್ನೂ ಕನ್ನಡಕ್ಕೆ ತಂದಿದ್ದಾರೆ. ಅದಕ್ಕೂ ಮೊದಲು ಬಿ.ಎಂ. ಶ್ರೀಕಂಠಯ್ಯನವರು ಸೋಫೋಕ್ಲಿಸ್‌ನ 'ಏಜಾಕ್ಸ್' ನಾಟಕದ ಹಂದರದ ಮೇಲೆ 'ಅಶ್ವತ್ಥಾಮನ್' ಕಟ್ಟಿದರು. ಮೊದಲು 'ದೊರೆ ಈಡಿಪಸ್' ಓದಿ, ಗಟ್ಟಿಯಾಗಿ ಓದಿ.

ಕ್ರಿಯಾನ್ ಕೊನೆಗೆ ಮನಸ್ಸು ಬದಲಿಸಿದನಲ್ಲ, ಆದರೂ ಏಕೆ ಎಲ್ಲ ಮುಗಿದುಹೋಗುತ್ತದೆ? ಅದು ವಿಧಿಯೇ?

ವಿಧಿ ಎನ್ನುವ ಮೊದಲು ಅವನ ಹೆಜ್ಜೆಗಳನ್ನು ಎಣಿಸಿ. ಟೈರೇಸಿಯಸ್ ಹೋದ ಮೇಲೆ ಹೆದರಿದ ಕ್ರಿಯಾನ್ ಮೇಳದ ಹಿರಿಯರನ್ನು ಏನು ಮಾಡಲಿ ಎಂದು ಕೇಳುತ್ತಾನೆ. ಅವರ ಉತ್ತರ ಸ್ಪಷ್ಟ: ಹೋಗಿ ಗವಿಯಿಂದ ಹುಡುಗಿಯನ್ನು ಬಿಡಿಸು, ಬಯಲಲ್ಲಿ ಬಿದ್ದವನಿಗೆ ಸಮಾಧಿ ಮಾಡು. ಮೊದಲು ಬದುಕಿರುವವಳು, ಆಮೇಲೆ ಸತ್ತವನು. ದೂತ ಬಂದು ಹೇಳುವಾಗ ತಿಳಿಯುತ್ತದೆ, ಕ್ರಿಯಾನ್ ಮೊದಲು ಬಯಲಿಗೆ ಹೋದ. ನಾಯಿಗಳು ಹರಿದ ಹೆಣವನ್ನು ತೊಳೆಸಿದ, ಹಸಿ ಕೊಂಬೆಗಳಿಂದ ಸುಡಿಸಿದ, ಊರಿನ ಮಣ್ಣಿನ ದಿಬ್ಬ ಎತ್ತಿಸಿದ. ಅದೆಲ್ಲ ಮುಗಿಸಿ ಗವಿಯತ್ತ ತಿರುಗಿದ. ಅಷ್ಟರಲ್ಲಿ ಅಂತಿಗೊನೆ ತನ್ನ ಬಟ್ಟೆಯನ್ನೇ ಕುಣಿಕೆ ಮಾಡಿಕೊಂಡಿದ್ದಳು. ಅವಳ ಸೊಂಟ ತಬ್ಬಿ ಹೀಮನ್ ಅಳುತ್ತಿದ್ದ. ತಂದೆಯನ್ನು ಕಂಡು ಮುಖಕ್ಕೆ ಉಗುಳಿ ಕತ್ತಿ ಬೀಸಿದ, ಗುರಿ ತಪ್ಪಿತು, ಅದೇ ಕತ್ತಿಯನ್ನು ತನ್ನ ಪಕ್ಕೆಗೆ ಹಾಕಿಕೊಂಡ.

ಈ ಸುದ್ದಿಯನ್ನು ದೂತ ಹೇಳುವುದು ಕ್ರಿಯಾನ್‌ನ ಹೆಂಡತಿ ಯೂರಿಡಿಸಿಗೆ. ನಾಟಕದಲ್ಲಿ ಅವಳು ಮಾತನಾಡುವುದು ಒಂದೇ ಸಲ. ಪೂಜೆಗೆ ಹೊರಟು ಬಾಗಿಲ ಅಗುಳಿ ತೆಗೆಯುವಾಗ ಮನೆಯ ಕೇಡಿನ ಮಾತು ಕಿವಿಗೆ ಬಿತ್ತು, ಏನಾಯಿತು ಹೇಳಿ, ಕಷ್ಟ ನನಗೆ ಹೊಸದಲ್ಲ ಎನ್ನುತ್ತಾಳೆ. ಎಲ್ಲವನ್ನೂ ಕೇಳಿಸಿಕೊಂಡು ಒಂದೂ ಮಾತಾಡದೆ ಒಳಗೆ ನಡೆಯುತ್ತಾಳೆ. ಕಷ್ಟ ಹೊಸದಲ್ಲ ಎಂದದ್ದರ ಅರ್ಥ ಆಮೇಲೆ ತಿಳಿಯುತ್ತದೆ. ಮನೆಯ ಬಲಿಪೀಠದ ಬಳಿ ಇರಿದುಕೊಳ್ಳುವ ಮುಂಚೆ ಅವಳು ಹೀಮನ್‌ಗಿಂತ ಮೊದಲು ಸತ್ತ ಇನ್ನೊಬ್ಬ ಮಗ ಮೆಗರಿಯಸ್‌ನ ಹೆಸರು ಹಿಡಿದು ಅಳುತ್ತಾಳೆ, ಮಕ್ಕಳನ್ನು ಕೊಂದವನೇ ಎಂದು ಗಂಡನನ್ನು ಶಪಿಸುತ್ತಾಳೆ. ಕ್ರಿಯಾನ್ ಹೀಮನ್‌ನ ಹೆಣವನ್ನು ತೋಳಲ್ಲಿ ಹೊತ್ತು ಅರಮನೆಯ ಮುಂದೆ ನಿಂತಿರುವಾಗಲೇ ಬಾಗಿಲು ತೆರೆದು ಅವಳನ್ನು ಹೊರಗೆ ತರುತ್ತಾರೆ.